ಅಪ್ಪನ ಅಳತೆ ಟೇಪು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಬಡಗಿ, ಪಕ್ಕದಲ್ಲಿ ಅವರ ಮಗಳು. ಅವಳ ತೊಡೆಯ ಮೇಲಿನ ಪೆಟ್ಟಿಗೆಗೆ ಲಗೇಜು ಚಾರ್ಜು ಕೇಳಿದ ಕಂಡಕ್ಟರಿಗೆ, ಕಾಲೇಜಿನವರೆಲ್ಲ ಸೇರಿ ಕಟ್ಟಿದ ಪುಟ್ಟ ಉಪಗ್ರಹ ಅದು, ಪರೀಕ್ಷೆಗೆ ಒಯ್ಯುತ್ತಿದ್ದೇನೆ ಎಂದು ಅವಳು ಆಗಷ್ಟೇ ಹೇಳಿದ್ದಳು.

“ನಿನ್ನೆ ಗಿರಾಕಿ ಮನೇಲಿ ಗೋಡೆ ಅಳೆಯೋಕೆ ಟೇಪು ಎಳೆದೆ. ಪೂರ್ತಿ ಕಿತ್ಕೊಂಡು ಕೈಗೇ ಬಂತು. ಮಾನ ಹೋಯ್ತು ಕಣೇ.”

“ನಾನು ಆಂಟೆನಾಗೆ ಅಂತ ಹಿಂದಿನ ತುದಿ ಕತ್ತರಿಸಿದ್ದಕ್ಕೆ ಅಷ್ಟರಲ್ಲೇ ಹೋಯ್ತಪ್ಪ. ಮುಂದಿನ ತುದಿ ಕತ್ತರಿಸಿದ್ರೆ ನಿನ್ನ ಬೀರುಗಳೆಲ್ಲ ಗಿಡ್ಡ ಆಗ್ತಿದ್ವು.”

“ದೊಡ್ಡ ಉಪಕಾರ ಮಾಡಿದೆ ತಾಯಿ! ಒಂದು ಮಾತು ಕೇಳಬಾರ್ದಿತ್ತಾ?”

“ಕೇಳಿದ್ರೆ ಕೊಡ್ತಿದ್ಯಾ?”

“ಅಂಗಡೀಲಿ ಹೊಸದು ಸಿಗಲ್ವಾ?”

“ಹೊಸದು ಮುದುರಿಕೊಳ್ತು. ನಿಂದು ಮಡಚಿಟ್ಟು ಬಿಟ್ರೆ ಚಟ್ ಅಂತ ನೆಟ್ಟಗೆ ನಿಲ್ಲುತ್ತೆ. ಆಂಟೆನಾಗೆ ಅದೇ ಬೇಕು. ಅದು ಬಿಚ್ಚಿಕೊಳ್ಳದಿದ್ರೆ ನಮ್ಮ ಉಪಗ್ರಹ ಮೇಲೆ ಹೋಗಿ ಬಾಯಿಗೆ ಬೀಗ ಹಾಕ್ಕೊಂಡು ಕೂತಿರುತ್ತೆ.”

“ಇವತ್ತು ಬಿಚ್ಚಿಕೊಳ್ಳುತ್ತಾ?”

“ಪರೀಕ್ಷೆಲಿ ಅದನ್ನೇ ನೋಡೋದು.”

“ನನಗಂತೂ ಅದು ಯಾವತ್ತೂ ಕೈಕೊಟ್ಟಿಲ್ಲ. ನಿನ್ನೆ ಒಂದು ಬಿಟ್ರೆ.”

ಇಬ್ಬರೂ ನಕ್ಕರು.

“ಅಲ್ಲ, ಯಾರೂ ಎತ್ಕೊಂಡು ಹೋಗದಿರಲಿ ಅಂತ ಟೇಪಿನ ಕೊನೇಲಿ ಮೊಳೆಯಿಂದ ನನ್ನ ಹೆಸರು ಗೀಚಿದ್ದೆನಲ್ಲ?”

“ಬಣ್ಣ ಎಲ್ಲ ಉಜ್ಜಿ ತೆಗೆದ್ವಿ. ನಿನ್ನ ಹೆಸರು ಮಾತ್ರ ಹೋಗಲಿಲ್ಲಪ್ಪ. ಹಾಗೇ ಇದೆ.”

ಅಪ್ಪ ಕಿಟಕಿಯ ಕಡೆ ತಿರುಗಿದರು. ಇಳಿಯುವ ಸ್ಟಾಪಿನಲ್ಲಿ ಬಸ್ಸು ನಿಂತಾಗ ಮೊದಲು ಎದ್ದವರು ಅವರೇ.

“ಪೆಟ್ಟಿಗೆ ಇಲ್ಲಿ ಕೊಡು.”

“ಯಾಕಪ್ಪ? ನಾನೇ ಹಿಡ್ಕೊಳ್ತೀನಿ.”

“ಟೇಪು ಯಾರದೇ?”

ಬಾಗಿಲಲ್ಲಿ ನಿಂತವರಿಗೆಲ್ಲ ಕೇಳುವಂತೆ ಅವರು ಕೂಗಿದರು: “ಸ್ವಲ್ಪ ದಾರಿ ಬಿಡ್ರಪ್ಪ, ಆಕಾಶಕ್ಕೆ ಹೋಗೋ ಸಾಮಾನಿದೆ!”