ಗಂಟು ಬಾರದ ಒಂದೇ ಗಿಡ

ಎಲ್ಲರಿಗೂ ನಮಸ್ಕಾರ. ಮದ್ದೂರಿನಿಂದ ಬಂದಿರುವ, ನಮ್ಮ ಡಾಕ್ಟರಮ್ಮನ ಯಜಮಾನರಾದ ನಜೀರ್ ಅಹ್ಮದ್ ಅವರೇ, ಮಗಳು ಮಾಹೀನ್, ಸಸ್ಯ ಸಂಶೋಧನಾ ಕೇಂದ್ರದ ಸಹೋದ್ಯೋಗಿಗಳೇ, ತೋಟದ ಅಕ್ಕ-ಅಣ್ಣಂದಿರೇ — ಡಾಕ್ಟರ್ ಹಬೀಬುನ್ನೀಸಾ ಇಲ್ಲ. ಸೋಮವಾರ ಎದೆನೋವು ಬಂತು, ಮಂಡ್ಯದ ಆಸ್ಪತ್ರೆ ಮುಟ್ಟಲಿಲ್ಲ. ಆತ್ಮಕ್ಕೆ ಶಾಂತಿ ಸಿಗಲಿ ಎಂದಷ್ಟೇ ಹೇಳಿ ಕೂರಲು ನನಗೆ ಆಗುತ್ತಿಲ್ಲ, ಕ್ಷಮಿಸಿ.

ಅವರು ಏನು ಮಾಡುತ್ತಿದ್ದರು ಎಂದು ನಮ್ಮಲ್ಲೇ ಅರ್ಧ ಜನಕ್ಕೆ ಗೊತ್ತಿಲ್ಲ. ಎರಡು ಜಾತಿಯ ಕಾಡುಹೊಗೆಸೊಪ್ಪು. ಬೇರೆ ಬೇರೆ ಇದ್ದಾಗ ಎರಡೂ ಗಟ್ಟಿಮುಟ್ಟು. ಕೂಡಿಸಿ ಮಿಶ್ರತಳಿ ಮಾಡಿ ನೋಡಿ — ಕಾಂಡಕ್ಕೆ ಗಾಯವಾದರೆ ಗಂಟು, ಹೂ ಮುಗಿದರೆ ಗಂಟು, ಮೈಯೆಲ್ಲ ಗಂಟು. ಹುಳವಿಲ್ಲ, ಸೋಂಕಿಲ್ಲ. ಬೇರು ಬಿಡಿಸುವ ಆಕ್ಸಿನ್, ಚಿಗುರೊಡೆಸುವ ಸೈಟೊಕೈನಿನ್ — ಗಿಡದ್ದೇ ಹಾರ್ಮೋನುಗಳು ಅಳತೆ ತಪ್ಪುತ್ತವೆ. ಯಾಕೆ ತಪ್ಪುತ್ತವೆ? ಆಯಮ್ಮನ ಆಯಸ್ಸೆಲ್ಲ ಇದೊಂದೇ ಪ್ರಶ್ನೆ.

ಈ ಗಿಡಗಳಿರುವ ನೆಟ್‌ಹೌಸಿಗೆ ನೀರು ಬಿಡುವ ಕೆರಗೋಡಿನ ಅಂಕಯ್ಯ ಒಮ್ಮೆ ಕೇಳಿದ: "ಅಮ್ಮಾ, ನಮ್ಮಕ್ಕನ ಒಟ್ಟೇಲೂ ಇಂಗೇ ಗೆಡ್ಡೆ ಅದೆ. ಈ ಗಿಡದಿಂದ ಏನಾರ ಔಸ್ದಿ ಸಿಕ್ಕದಾ?" ನಾನಾಗಿದ್ದರೆ ನೋಡೋಣ ಅನ್ನುತ್ತಿದ್ದೆ. ಅವರು, "ಇಲ್ಲ ಅಂಕಯ್ಯ, ಸುಳ್ಳು ಹೇಳಲ್ಲ" ಎಂದರು. ಆಮೇಲೆ ತಾವೇ ಆ ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದರು. ಆಕೆ ಉಳಿಯಲಿಲ್ಲ.

ಈ ವರ್ಷ ಆ ಮಿಶ್ರತಳಿಯಲ್ಲೇ ಒಂದು ಗಿಡ — ಒಂದೇ ಒಂದು — ಗಂಟಿಲ್ಲದೆ ಬೆಳೆಯಿತು. ಗಂಟಿನ ಗಿಡದ ಪಕ್ಕ ಇದನ್ನಿಟ್ಟು ಹಾರ್ಮೋನು ಅಳೆದರೆ ಉತ್ತರ ಸಿಕ್ಕೀತು ಎಂಬ ಆಸೆ. ಹತ್ತಿರ ಹೋದರೆ ಕೇಂದ್ರದ ಮುಖ್ಯಸ್ಥನಾದ ನನಗೇ ಬೈಗುಳ. ಹೂ ಮುಗಿಯುವ ತನಕ ಗಾಯ ಮಾಡಬಾರದೆಂದು ಒಂದು ಎಲೆಯನ್ನೂ ಕೀಳಲಿಲ್ಲ, ಒಂದು ಕಡ್ಡಿಯನ್ನೂ ಮುರಿದು ನೆಡಲಿಲ್ಲ. ಹೂ ಬಿಟ್ಟ ವಾರವೇ ಅವರು ಹೋದರು.

ಮೊನ್ನೆ ಈ ಸಭೆಗಾಗಿ ಆವರಣವೆಲ್ಲ ಚೊಕ್ಕಟ ಮಾಡಿಸಿದೆವು. ಆ ಗಿಡ ಮುಟ್ಟಬಾರದೆಂದು ಅಂಕಯ್ಯನಿಗೆ ನಾವ್ಯಾರೂ ಹೇಳಿರಲಿಲ್ಲ. ಅವನು ಬುಡಸಮೇತ ಕಿತ್ತ. ಹೂ ಬಿಡಿಸಿಕೊಂಡು ಉಳಿದದ್ದನ್ನು ಕಸದ ಜೊತೆ ಸುಟ್ಟ.

"ಮಿಕ್ಕವೆಲ್ಲ ಗಂಟು ಗಂಟು, ಸಾರ್. ಇದೊಂದೇ ಚೆಂದಾಗಿತ್ತು. ಅಮ್ಮಾರ ಫೋಟೋಗೆ ಇದೇ ಸರಿ ಅಂತ ಕಿತ್ತೆ."

ಇಗೋ — ಈ ಹಾರ. ಫೋಟೋಗೆ ಹಾರ ಹಾಕುವುದು ನಿಮ್ಮಲ್ಲಿ ಇಲ್ಲ, ನಜೀರ್ ಅವರೇ. ಅವನ ಮನಸ್ಸು ನೋಯಬಾರದೆಂದು ನೀವು ಬೇಡ ಅನ್ನಲಿಲ್ಲ. ದಯವಿಟ್ಟು ಯಾರೂ ಹಿಂದೆ ತಿರುಗಿ ಅವನನ್ನು ನೋಡಬೇಡಿ.

ಈ ಮಿಶ್ರತಳಿ ಬೀಜ ಕಟ್ಟುವುದಿಲ್ಲ. ಅಂಥ ಗಿಡ ಮತ್ತೆ ಹುಟ್ಟುತ್ತದಾ ಎಂದು ಅವರ ವಿದ್ಯಾರ್ಥಿನಿ ರಂಜಿತ ಬೆಳಿಗ್ಗೆ ಕೇಳಿದಳು. ಹುಟ್ಟುತ್ತದೆ ಅನ್ನಲು ನನಗೆ ಬಾಯಿ ಬರಲಿಲ್ಲ, ತಾಯಿ. ಸುಳ್ಳು ಹೇಳಿ ಅಭ್ಯಾಸ ಇದ್ದವನಿಗೂ ಬರಲಿಲ್ಲ.

ಇನ್ನು ಮಾತು ಸಾಕು. ಎಲ್ಲರೂ ಎದ್ದು ನಿಲ್ಲಿ — ಎರಡು ನಿಮಿಷ ಸುಮ್ಮನಿರೋಣ. ಅವರಿಗಾಗಿ. ಅವರ ಜೊತೆಗೇ ಮುಗಿದುಹೋದ ಆ ಪ್ರಶ್ನೆಗಾಗಿ.