ಚಟ್ನಿಪುಡಿ ಕಂಪನಿಯ ಏಜೆಂಟ್

ಅಮೆರಿಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಟಿಫಿನ್ ಅಂಗಡಿಯಲ್ಲಿ ಆರ್ಡರ್ ಕೊಟ್ಟು ಕಾಯುವ ಸಾಲಿನಲ್ಲಿ ನನ್ನ ಮುಂದೆ ಹುಬ್ಬಳ್ಳಿ ಕಡೆಯ ಗಂಡ ಹೆಂಡತಿ ನಿಂತಿದ್ದರು. ಚಟ್ನಿಪುಡಿ ಮಾರುವ ತಮ್ಮ ಹೊಸ ಕಂಪನಿಯ ನೋಂದಣಿ ಅರ್ಜಿ ತುಂಬುತ್ತಿದ್ದರು. ರಿಜಿಸ್ಟರ್ಡ್ ಏಜೆಂಟ್ ಎಂಬಲ್ಲಿ ಹೆಂಡತಿಯ ಪೆನ್ನು ನಿಂತಿತ್ತು.

“ಕಾಕಾ ಅವರ ಹೆಸರು ಬರಿ, ವೈಷ್ಣವಿ. ಹಿರಿಯರು.”

“ಇದೇನು ಲಗ್ನಪತ್ರಿಕಾ ಏನ್ರಿ, ಹಿರಿಯರ ಹೆಸರು ಮ್ಯಾಲೆ ಹಾಕಾಕ? ಕೋರ್ಟಿನ ಕಾಗದ ಬಂದರ ಇಸ್ಕೊಳ್ಳೋ ಕೆಲಸ ಇದು. ಕಾಕಾ ವರ್ಷದಾಗ ಆರು ತಿಂಗಳು ಧಾರವಾಡದಾಗ ಇರ್ತಾರ.”

“ಬಿಟ್ಟರ ಬೇಜಾರ ಮಾಡ್ಕೋತಾರ.”

“ಕಾಗದ ಕೈತಪ್ಪಿದರ ನಮ್ಮ ಮಾತು ಕೇಳಲಾರದ ತೀರ್ಪು ಕೊಡ್ತಾರ. ಆಗ ಜಡ್ಜ್ ಮುಂದ ಕಾಕಾನ ಬೇಜಾರು ಹೇಳ್ರಿ.”

“ಹಂಗಾರ ಅಲೆನ್ ಊರಾಗಿನ ನಮ್ಮ ದೋಸ್ತ ಪ್ರಶಾಂತ್?”

“ಅವರು ಹಗಲೆಲ್ಲ ಪ್ಲೇನೋ ಊರಿನ ಆಫೀಸಿನಾಗ. ಕೋರ್ಟಿನವರು ಮನಿಗೆ ಕಾಗದ ತಂದರ ಬಾಗಲ ಯಾರು ತೆಗಿತಾರ? ಅವರ ನಾಯಿ?”

“ಮತ್ತ ಹಗಲು ಮನ್ಯಾಗ ಇರೋರು ಯಾರ ಅದಾರ?”

ಅವಳು ಅವನನ್ನೇ ನೋಡಿದಳು. ಇಂಥ ಪ್ರಶ್ನೆ ಕೇಳುವವನ ತಲೆಗೆ ಒಂದು ಮೊಟಕಬೇಕೆಂದು ನನಗೇ ಕೈ ತುರಿಸಿತು.

“ನಿಮ್ಮ ಕಂಪನಿ ಪುಡಿ ಕುಟ್ಟೋರು ಯಾರ್ರಿ? ಎಲ್ಲಿ ಕುಟ್ತಾರ?”

“ನೀನ. ಮನ್ಯಾಗ. ಆದರ ನಿನ್ನ ಹೆಸರು ಹಾಕಿದರ ಮಂದಿ ಏನಂತಾರ?”

“ಮಂದಿ ಏನರ ಅನ್ಲಿ. ಬಾಗಲ ತೆಗಿಯಾಕಿ ನಾನ.”

ಕೌಂಟರಿನಲ್ಲಿ ಅವರ ನಂಬರ್ ಕೂಗಿದರು. ಅವನು ಇಡ್ಲಿ ತಟ್ಟೆ ತರಲು ಹೋದ. ಅವಳು ಅರ್ಜಿಯಲ್ಲಿ ತನ್ನ ಹೆಸರು ಬರೆದು, ಅವನನ್ನು ಕಾಯದೆ ಕಿಟಕಿ ಪಕ್ಕದ ಮೇಜಿನತ್ತ ನಡೆದಳು.