ಉಳಿದ ಗುಳಿಗೆ

ಕೆರೂರಿನ ದವಾಖಾನೆಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಮುದುಕಿ ನಿಂತಿದ್ದಳು. ಎದೆಬಾವು ಮತ್ತೆ ಮರುಕಳಿಸಿದ ಅವಳ ಬಾಣಂತಿ ಸೊಸೆ ಗೋಡೆಗೊರಗಿ ಕೂತಿದ್ದಳು. ಪರಿಚಯದ ಹೆಂಗಸೊಬ್ಬಳು ಮುದುಕಿಯನ್ನು ಕೇಳಿದಳು.

“ಹೋದ ವಾರ ಗುಳಿಗಿ ಒಯ್ದಿದ್ಯಲ್ಲ, ಬಸಲಿಂಗಕ್ಕ?”

“ಬಾವು ಇಳೀತು. ಅರ್ಧಕ್ಕ ಬಿಡಿಸಿದೆ.”

“ಒಂದ ಗುಳಿಗ್ಯಾಗ ಎರಡು ಔಷಧ ಅದಾವ, ಒಂದಕ್ಕ ಜಗ್ಗದ ಹುಳ ಇನ್ನೊಂದಕ್ಕ ಸಾಯ್ತಾವ, ಎಲ್ಲಾ ನುಂಗಿಸು ಅಂದಿದ್ರಲ್ಲ ಡಾಕ್ಟರು. ಉಳಿದವು ಎಲ್ಲಿ?”

“ಮೆಲ್ಲಗ ಮಾತಾಡು. ಎಮ್ಮಿ ಕೆಚ್ಚಲ ಬಾತಿತ್ತು. ಹಿಂಡಿಯಾಗ ಕಲಸಿ ಹಾಕಿದೆ.”

“ಎಮ್ಮಿಗರ ಆರಾಮ ಆತೇನು?”

“ಇಲ್ಲ.” ಮುದುಕಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. “ಡಾಕ್ಟರು ಕೇಳಿದ್ರ ಎಲ್ಲಾ ನುಂಗ್ಯಾಳ ಅಂತೇನಿ.”

“ಹಂಗಂದ್ರ ಔಷಧ ನಾಟಲಿಲ್ಲಂತ ತಿಳಿದು ಎದಿ ಕೊಯ್ತಾರ.”

ಒಳಗಿನಿಂದ ಕರೆ ಬಂತು. ಸೊಸೆ ಎದ್ದಳು.

“ನೀವು ಇಲ್ಲೇ ಕುಂದರ್ರಿ, ಅತ್ತಿ. ಎಮ್ಮಿ ಸುದ್ದಿ ನಾನ ಹೇಳ್ತೇನಿ.”

ಒಬ್ಬಳೇ ಒಳಗೆ ಹೋದಳು.